ಕೆಲಸದವಳ ದನಿ

ಸ್ಟುಡಿಯೋದಲ್ಲಿ ಎಲ್ಲರೂ ಆಕೆಯನ್ನು ದನಿಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಡಬ್ಬಿಂಗ್ ಆಕೆಯ ಕಸುಬು. ಗೋಡೆಗೆ ದಪ್ಪ ಬಟ್ಟೆ ಹೊದಿಸಿದ ಪುಟ್ಟ ಕೋಣೆ, ಒಂದು ಮೈಕು, ಎದುರಿಗೆ ಪರದೆ. ಪರದೆಯ ಮೇಲೆ ಯಾರದೋ ತುಟಿ ಅಲುಗಿದಂತೆಲ್ಲ ಈಕೆ ಮಾತು ಕೂಡಿಸಬೇಕು. ಮೊದಮೊದಲು ನಾಯಕಿಯರಿಗೆ ದನಿ ಕೊಡುತ್ತಿದ್ದಳು. ನಲವತ್ತು ದಾಟಿದ ಮೇಲೆ ಅತ್ತೆ, ನರ್ಸು, ಮನೆಗೆಲಸದವಳು, ಹೀಗೆ ಮಿಕ್ಕಿದ್ದೆಲ್ಲ ಆಕೆಯ ಪಾಲಿಗೆ ಬಂತು.

ಒಮ್ಮೆ ಒಂದು ಹಾಸ್ಯದ ಸಿನಿಮಾದಲ್ಲಿ ಕೆಲಸದವಳ ಪಾತ್ರವಿತ್ತು. ದನಿಯಕ್ಕ ಎಷ್ಟು ಬಗೆಯಲ್ಲಿ ಹೇಳಿದರೂ ನಿರ್ದೇಶಕನಿಗೆ ಹಿಡಿಸಲಿಲ್ಲ. ಅವಳು ಬಾಯಿ ಬಿಟ್ಟ ಕೂಡಲೇ ಜನ ನಗಬೇಕು, ಏನು ಹೇಳಿದಳು ಅನ್ನುವುದು ಆಮೇಲಿನ ಮಾತು ಎಂದ. ದನಿಯಕ್ಕ ತಲೆ ಕೆಡಿಸಿಕೊಂಡು ಟೀ ಲೋಟ ಹಿಡಿದು ಹೊರಗೆ ಬೆಂಚಿನ ಮೇಲೆ ಕೂತಳು. ಅಲ್ಲಿ ನೆಲ ಒರೆಸುತ್ತಿದ್ದವಳು ದೊಡ್ಡಮ್ಮ. ಯಾರಿಗೆ ಜ್ವರ, ಯಾರು ಊಟ ಮಾಡಿಲ್ಲ ಎಂದು ಎಲ್ಲರನ್ನೂ ವಿಚಾರಿಸಿಕೊಳ್ಳುತ್ತಿದ್ದುದರಿಂದ ಅವಳಿಗೆ ಅಂಟಿಕೊಂಡ ಹೆಸರದು.

"ಕಾಲೆತ್ತಮ್ಮಾ, ಎತ್ತು, ಕಾಲೆತ್ತು," ಎಂದಳು ದೊಡ್ಡಮ್ಮ.

ಅವಳ ಮಾತೇ ಹಾಗೆ. ಕೊನೆಗೆ ಬರುತ್ತ ದನಿ ಏರುತ್ತಿತ್ತು, ಹೇಳಿದ್ದನ್ನೇ ಇನ್ನೊಮ್ಮೆ ಹೇಳದೆ ಬಿಡುತ್ತಿರಲಿಲ್ಲ. ದನಿಯಕ್ಕ ಅರ್ಧ ಟೀ ಅಲ್ಲೇ ಬಿಟ್ಟು ಒಳಗೆ ಓಡಿದಳು. ಆ ಮಾತಿನ ಧಾಟಿ ಮೈಕಿಗೆ ಬಿದ್ದದ್ದೇ ತಡ, ನಿರ್ದೇಶಕ ಹೊಟ್ಟೆ ಹಿಡಿದುಕೊಂಡು ನಕ್ಕ.

ಸಿನಿಮಾ ಓಡಿತು. ಆಮೇಲೆ ಯಾವ ಸಿನಿಮಾದಲ್ಲಿ ಕೆಲಸದವಳು ಬಂದರೂ ಅದೇ ದನಿ ಬೇಕು ಎಂದು ಕೇಳತೊಡಗಿದರು. ಡಬ್ಬದಿಂದ ಸಕ್ಕರೆ ಕದಿಯುವವಳು, ಬಾಗಿಲಿಗೆ ಕಿವಿಗೊಟ್ಟು ನಿಲ್ಲುವವಳು, ಯಜಮಾನನ ಮಾತು ತಪ್ಪು ತಿಳಿದು ಫಜೀತಿ ಮಾಡುವವಳು, ಎಲ್ಲರೂ ದೊಡ್ಡಮ್ಮನ ಹಾಗೆ ಮಾತಾಡಿದರು. ಆರು ವರ್ಷದಲ್ಲಿ ಹನ್ನೊಂದು ಸಿನಿಮಾ. ಇದು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ, ದನಿಯಕ್ಕ ಹೇಳಲೂ ಇಲ್ಲ.

ಹೀಗಿರುವಾಗ ಕಾಲೇಜೊಂದರಿಂದ ಕರೆ ಬಂತು. ಜನಪ್ರಿಯ ಸಿನಿಮಾಗಳು ದುಡಿಯುವವರನ್ನು ಹೇಗೆ ತೋರಿಸುತ್ತವೆ ಎಂಬ ಪಾಠವಂತೆ. ಜೀವನದಲ್ಲಿ ಮೊದಲ ಸಲ ತನ್ನ ಮುಖ ನೋಡಲು ಜನ ಕರೆದಿದ್ದಾರೆಂದು ದನಿಯಕ್ಕ ಹಿಗ್ಗಿ ಹೀರೇಕಾಯಿಯಾದಳು. ಇದ್ದದ್ದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಹೋದಳು.

ಮೇಷ್ಟ್ರು ತುಣುಕುಗಳನ್ನು ಸಾಲಾಗಿ ತೋರಿಸಿದರು. ಕೆಲಸದವಳು ಬರುತ್ತಾಳೆ, ಬೈಸಿಕೊಳ್ಳುತ್ತಾಳೆ, ನಗಿಸಿ ಹೋಗುತ್ತಾಳೆ. ಇವರಲ್ಲಿ ಒಬ್ಬಳ ಮನೆಯನ್ನಾದರೂ ಯಾರಾದರೂ ನೋಡಿದ್ದೀರಾ ಎಂದು ಕೇಳಿದರು. ಯಾರೂ ನೋಡಿರಲಿಲ್ಲ. ಅವಳಿಗೆ ಮಕ್ಕಳಿದ್ದಾರೆಯೇ, ಅವಳು ಊಟಕ್ಕೆ ಕೂತದ್ದುಂಟೆ ಎಂದರು. ಅದೂ ಇಲ್ಲ. ಅಷ್ಟರಲ್ಲಿ ದನಿಯಕ್ಕನ ದನಿ ಬಂತು, ಇಡೀ ತರಗತಿ ಗೊಳ್ಳೆಂದಿತು. ಮೂರನೇ ಸಾಲಿನ ಹುಡುಗಿಯೊಬ್ಬಳು ಮಾತ್ರ ನಗಲಿಲ್ಲ. ಎದ್ದು ನಿಂತಳು.

"ಮೇಡಂ, ಈ ದನಿ ನಿಮಗೆ ಎಲ್ಲಿ ಸಿಕ್ತು?"

"ಎಲ್ಲೂ ಇಲ್ಲಮ್ಮ. ನಾನೇ ಕಲ್ಪಿಸಿಕೊಂಡಿದ್ದು," ಎಂದಳು ದನಿಯಕ್ಕ. ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಆಕೆಗೇ ಒಂದು ಕ್ಷಣ ನಿಜವೆನಿಸಿತು.

ಹುಡುಗಿ ಕೂತಳು. ಪಾಠ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಕಾದಿದ್ದಳು.

"ನಿಮ್ಮ ಸ್ಟುಡಿಯೋದಲ್ಲಿ ನೆಲ ಒರೆಸ್ತಾರಲ್ಲ, ಅವರು ನಮ್ಮಮ್ಮ. ಮೊದಲು ನೇಯ್ಗೆ ಮಿಲ್ಲಲ್ಲಿ ಹದಿನಾಲ್ಕು ವರ್ಷ ಇದ್ರು. ಆ ಗದ್ದಲಕ್ಕೆ ಒಂದು ಕಿವಿ ಹೋಯ್ತು. ಎದುರಿಗಿರೋರಿಗೆ ಕೇಳಿಸ್ತೋ ಇಲ್ವೋ ಅಂತ ಎಲ್ಲಾನೂ ಎರಡು ಸಲ ಹೇಳ್ತಾರೆ. ಈಗ ಬಸ್ಸಲ್ಲಿ ಬಾಯಿ ಬಿಡಲ್ಲ. ಬಿಟ್ರೆ ಜನ ತಿರುಗಿ ನೋಡಿ ನಗ್ತಾರೆ."

ಮನೆಗೆ ಬರುವ ದಾರಿಯಲ್ಲಿ ದನಿಯಕ್ಕ ಲೆಕ್ಕ ಹಾಕಿದಳು. ದೊಡ್ಡಮ್ಮ ಸ್ಟುಡಿಯೋದಲ್ಲಿ ಕೊನೆಯ ಬಾರಿ ಮಾತಾಡಿದ್ದು ಯಾವಾಗ? ವರ್ಷ ಎರಡಾಗಿರಬೇಕು. ವಯಸ್ಸಾಯಿತು, ಮೆತ್ತಗಾಗಿದ್ದಾಳೆ ಎಂದುಕೊಂಡಿದ್ದಳು. ಈಚೆಗೆ ಕಾಲೆತ್ತು ಎನ್ನುವುದಕ್ಕೂ ಬರೀ ಕೈಸನ್ನೆಯಾಗಿತ್ತು. ಕಾರಣ ಕೇಳಬೇಕೆಂದು ಒಮ್ಮೆಯೂ ತೋಚಿರಲಿಲ್ಲ.

ಹದಿನೈದು ದಿನ ದೊಡ್ಡಮ್ಮನ ಎದುರು ಬೀಳದೆ ಹಿಂಬಾಗಿಲಿನಿಂದ ಓಡಾಡಿದಳು. ಕಡೆಗೊಂದು ಮಧ್ಯಾಹ್ನ ಪೊರಕೆ, ಬಕೆಟ್ಟು ಇಡುವ ಕೋಣೆಗೆ ಹೋದಳು. ದೊಡ್ಡಮ್ಮ ಒದ್ದೆ ಬಟ್ಟೆ ಹಿಂಡುತ್ತಿದ್ದಳು. ದನಿಯಕ್ಕ ಪಕ್ಕದಲ್ಲಿ ನಿಂತು, ತಲೆ ತಗ್ಗಿಸಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ದೊಡ್ಡಮ್ಮ ತಿರುಗಿಯೂ ನೋಡಲಿಲ್ಲ. ಸಿಟ್ಟು ಎಂದುಕೊಂಡಳು ದನಿಯಕ್ಕ. ಆಮೇಲೆ ಹೊಳೆಯಿತು: ತಾನು ನಿಂತದ್ದು ಕೇಳದ ಕಿವಿಯ ಕಡೆ.

ಸುತ್ತಿ ಬಂದು ಎದುರಿಗೆ ನಿಂತಳು. ಮೊದಲ ಸಲಕ್ಕಿಂತ ಎರಡನೆಯ ಸಲ ಹೇಳುವುದು ಹತ್ತು ಪಟ್ಟು ಕಷ್ಟವಾಯಿತು, ಏಕೆಂದರೆ ಈಗ ಮುಖ ನೋಡಿಕೊಂಡು ಹೇಳಬೇಕಿತ್ತು.

"ನಂಗೊತ್ತಿತ್ತು ಕಣಮ್ಮ, ಗೊತ್ತಿತ್ತು," ಎಂದಳು ದೊಡ್ಡಮ್ಮ. "ಮೊದಲನೇ ಸಿನಿಮಾ ನೋಡಿ ಖುಷಿ ಆಗಿತ್ತು. ನನ್ನ ಮಾತು ಪರದೆ ಮೇಲೆ ಬಂತಲ್ಲಾ ಅಂತ. ಮೂರನೇದಕ್ಕೆ ಬೀದಿಯೋರನ್ನೆಲ್ಲ ಕರ್ಕೊಂಡು ಹೋದೆ. ಅದ್ರಲ್ಲಿ ಅವಳು ಯಜಮಾನಿ ಉಂಗುರ ಕದ್ದಳು. ಎಲ್ಲಾರೂ ನನ್ನ ಕಡೆ ನೋಡಿದ್ರು."

"ತಪ್ಪಾಯ್ತು ದೊಡ್ಡಮ್ಮ."

"ಕೇಳಿದ್ರೆ ನಾನೇ ಕೊಡ್ತಿದ್ದೆ, ಕೊಡ್ತಿದ್ದೆ. ಕದಿಯೋ ಹೆಂಗಸಿಗೆ ಮಾತ್ರ ಬೇಡ ಅಂತಿದ್ದೆ."

ಅಷ್ಟು ಹೇಳಿ ಬಕೆಟ್ಟು ಎತ್ತಿಕೊಂಡು ಹೋದಳು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಎದೆ ಹಗುರಾಗುತ್ತಿತ್ತೇನೋ ಎಂದು ದನಿಯಕ್ಕನಿಗೆ ಅನಿಸಿತು.

ಮರುವಾರ ಆಕೆ ಕಾಲೇಜಿಗೆ ಮತ್ತೆ ಹೋಗಿ, ಅಂದು ಸುಳ್ಳು ಹೇಳಿದೆ ಎಂದು ಅದೇ ತರಗತಿಯ ಮುಂದೆ ಒಪ್ಪಿಕೊಂಡಳು. ಹುಡುಗಿಯ ಒಪ್ಪಿಗೆ ಪಡೆದು, ಆ ಮಾತು ಹೇಗೆ ಬಂದದ್ದೆಂದು ಮಿಲ್ಲಿನ ಕತೆಯನ್ನೂ ಹೇಳಿದಳು. ಈ ಸಲ ಯಾರೂ ನಗಲಿಲ್ಲ. ಹುಡುಗಿ ಕಿಟಕಿಯ ಕಡೆ ನೋಡುತ್ತ ಕೂತಿದ್ದಳು.

ಹನ್ನೆರಡನೆಯ ಸಿನಿಮಾ ಬಂದಾಗ ದನಿಯಕ್ಕ ಕೆಲಸದವಳಿಗೆ ಸಾದಾ ದನಿ ಕೊಟ್ಟಳು. ನಿರ್ದೇಶಕ ಹಳೆಯದೇ ಬೇಕೆಂದು ಹಟ ಹಿಡಿದ. ಆಗುವುದಿಲ್ಲ ಎಂದು ಆಕೆ ಕೋಣೆಯಿಂದ ಎದ್ದು ಬಂದಳು. ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನ ನಾಲ್ಕು ದಿನ ಉಳಿಯಿತು. ಐದನೆಯ ದಿನ, ಯಾರೋ ಸರಿಯಾಗಿ ಮುಚ್ಚದೆ ಬಿಟ್ಟ ಬಾಗಿಲಿನಿಂದ ಆ ದನಿ ಕೇಳಿಬಂತು. ಹೊಸಬಳೊಬ್ಬಳನ್ನು ಕರೆಸಿದ್ದರು. ಸಿನಿಮಾ ನೋಡಿ ನೋಡಿ ಕಲಿತವಳು, ದನಿಯಕ್ಕನಿಗಿಂತ ಚೆನ್ನಾಗಿ ಹೇಳುತ್ತಿದ್ದಳು. ಹೊರಗೆ ದೊಡ್ಡಮ್ಮ ಅದೇ ಬಾಗಿಲ ಮುಂದೆ ನೆಲ ಒರೆಸುತ್ತಿದ್ದಳು.

ದನಿಯಕ್ಕ ಓಡಿಹೋಗಿ ಬಾಗಿಲು ಎಳೆದು ಮುಚ್ಚಿದಳು. ದೊಡ್ಡಮ್ಮ ತಲೆ ಎತ್ತಿ ಒಮ್ಮೆ ನೋಡಿ, ಆಕೆಯ ಹೆಜ್ಜೆ ಮೂಡಿದ ಜಾಗವನ್ನು ಮತ್ತೆ ಒರೆಸಿದಳು.