ಯಾರೂ ಕೇಳದ ಊರಿನಲ್ಲಿ

ಕುಮಟಾದ ಬಸ್ ನಿಲ್ದಾಣದಲ್ಲಿ ಆರು ವರ್ಷದ ಮಗಳನ್ನು ಸೊಂಟದ ಮೇಲೆ ಹೊತ್ತು ಇಳಿದ ದಿನ ನನ್ನನ್ನು ದಿಗಿಲುಗೊಳಿಸಿದ್ದು ಸೆಖೆಯಲ್ಲ, ಮೀನಿನ ವಾಸನೆಯೂ ಅಲ್ಲ. ಒಬ್ಬರೂ ನನ್ನನ್ನು ಏನೂ ಕೇಳಲಿಲ್ಲ. ಪಾರ್ವತಿಯ ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬಿಗಿದುಕೊಂಡಿದ್ದವು. ಕುತ್ತಿಗೆ ನನ್ನ ಹೆಗಲಿಗೆ ವಾಲಿತ್ತು. ಜೊಲ್ಲು ಸೋರಿ ಸೆರಗೆಲ್ಲ ತೊಯ್ದಿತ್ತು. ಬೆಂಚಿನ ಮೇಲಿದ್ದ ಹೆಂಗಸೊಬ್ಬಳು ತನ್ನ ಬುಟ್ಟಿ ಸರಿಸಿ ನಮಗೆ ಜಾಗ ಮಾಡಿಕೊಟ್ಟು, ಮತ್ತೆ ಆಚೆ ನೋಡುತ್ತ ಕೂತಳು. ಅಷ್ಟೇ.

ರೋಣದ ಕಡೆಯವರಾದ ನಿಮಗೆ ಇದು ಎಂಥ ಸೋಜಿಗವೆಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ನಿಲ್ದಾಣದಲ್ಲಾಗಿದ್ದರೆ ಅಷ್ಟೊತ್ತಿಗೆ ನಾಲ್ಕು ಮಂದಿ ಸುತ್ತುವರಿದು, "ಯಾಕ ಯವ್ವಾ, ಕೂಸಿಗೆ ಏನಾಗೈತಿ?" ಎಂದು ಕೇಳಿ ಮುಗಿದಿರುತ್ತಿತ್ತು. ಒಬ್ಬಳು ಒಂದು ದೇವರ ಹೆಸರು ಹೇಳುತ್ತಿದ್ದಳು, ಇನ್ನೊಬ್ಬಳು ನಾಟಿ ವೈದ್ಯನ ಊರು ಹೇಳುತ್ತಿದ್ದಳು, ಮತ್ತೊಬ್ಬಳು ಮಗಳನ್ನು ಕಸಿದು ತೊಡೆಯ ಮೇಲೆ ಮಲಗಿಸಿಕೊಂಡು ನನ್ನ ಪಾಲಿನ ಕಣ್ಣೀರನ್ನೂ ತಾನೇ ಹಾಕುತ್ತಿದ್ದಳು. ಆರು ವರ್ಷ ನಾನು ಉತ್ತರ ಕೊಟ್ಟೇ ಬದುಕಿದ್ದೆ. ಹುಟ್ಟುವಾಗ ಉಸಿರು ಸಿಗಲಿಲ್ಲ, ಮೆದುಳಿಗೆ ಪೆಟ್ಟಾಯಿತು, ಇದಕ್ಕೆ ಸೆರೆಬ್ರಲ್ ಪಾಲ್ಸಿ ಅಂತಾರೆ, ಬುದ್ಧಿ ಚುರುಕಿದೆ, ಮೈ ಮಾತು ಕೇಳುವುದಿಲ್ಲ. ಹೇಳಿ ಹೇಳಿ ನಾಲಿಗೆ ಸವೆದಿತ್ತು. ಭಸ್ಮ, ತಾಯತ, ಹರಕೆ ಎಲ್ಲ ಆಗಿ, ಕೊನೆಗೆ ನನ್ನ ಯಾವ ಜನ್ಮದ ಪಾಪ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತಿತ್ತು.

ಬಸ್ ಚಾಲಕರಾದ ನಮ್ಮ ಯಜಮಾನರಿಗೆ ಕುಮಟಾ ಡಿಪೋಕ್ಕೆ ವರ್ಗವಾಗಿತ್ತು. ಊರ ಹೊರಗೆ ತೆಂಗಿನ ಮರಗಳ ನಡುವೆ ಒಂದು ಸಣ್ಣ ಬಾಡಿಗೆ ಮನೆ ಸಿಕ್ಕಿತು. ನಮ್ಮಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಗಳು. ನೆರೆಯವಳು ಸೀದಾ ಅಡುಗೆಮನೆಗೇ ಬಂದು ಒಲೆಯ ಮೇಲೆ ಏನಿದೆ ಎಂದು ಮುಚ್ಚಳ ತೆಗೆದು ನೋಡುತ್ತಾಳೆ. ಇಲ್ಲಿ ಪ್ರತಿ ಮನೆಗೂ ಒಂದು ಬೇಲಿ, ಬೇಲಿಗೊಂದು ದಣಪೆ. ದಣಪೆ ಎಂದರೆ ದನ ನುಗ್ಗದಂತೆ ಅಡ್ಡ ಗಳ ಹಾಕಿದ ದಾರಿ. ಬಂದವರು ಅದರಾಚೆಯೇ ನಿಂತು ಕರೆಯುತ್ತಾರೆ, ನಾವು ಕರೆದರೆ ಮಾತ್ರ ಒಳಗೆ ಬರುತ್ತಾರೆ. ಎರಡು ತಿಂಗಳಾದರೂ ಯಾರೂ ಪಾರ್ವತಿಯ ಸುದ್ದಿ ಎತ್ತದಿದ್ದಾಗ ನನಗೆ ಒಂದೇ ಅರ್ಥ ಹೊಳೆದದ್ದು: ಇವರಿಗೆ ನನ್ನ ಮಗಳನ್ನು ಕಂಡರೆ ಅಸಹ್ಯ. ಒಳಗೊಳಗೇ ನಿರಾಳವೂ ಆಯಿತು ಅನ್ನಿ. ಯಾರಿಗೂ ಏನೂ ಹೇಳಬೇಕಾಗಿಲ್ಲವಲ್ಲ.

ಆ ನಿರಾಳದಲ್ಲೇ ಒಂದು ತಪ್ಪು ಮಾಡಿದೆ. ಹತ್ತಿರದ ಸರಕಾರಿ ಶಾಲೆಯ ಅಕ್ಕೋರು, ಇಲ್ಲಿ ಟೀಚರಿಗೆ ಹಾಗೆನ್ನುತ್ತಾರೆ, ಶಾಲೆಗೆ ಸೇರುವ ವಯಸ್ಸಿನ ಮಕ್ಕಳ ಪಟ್ಟಿ ಹಿಡಿದು ಬಂದರು. ಮಕ್ಕಳಿದ್ದಾರಾ ಎಂದರು. "ಮಗಳು ಊರಾಗ ಅಜ್ಜಿ ಹತ್ರ ಅದಾಳ್ರಿ," ಎಂದುಬಿಟ್ಟೆ. ಅಕ್ಕೋರು ಏನನ್ನೋ ಬರೆದುಕೊಂಡು ಹೋದರು. ಒಳಗೆ ಬಂದರೆ ಚಾಪೆಯ ಮೇಲೆ ಮಲಗಿದ್ದ ಪಾರ್ವತಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು. ಆ ದೃಷ್ಟಿ ಎದುರಿಸಲಾಗದೆ ಹಿತ್ತಲಿಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಕಾಲು ಇನ್ನಷ್ಟು ಸೆಟೆದುಕೊಂಡಿತ್ತು. ಗದಗಿನ ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಇಲ್ಲಿ ಬಂದ ಮೇಲೆ ತಪ್ಪಿಹೋಗಿತ್ತು. ಮಗಳು ಈ ಬಾಗಿಲ ಹಿಂದೆಯೇ ದೊಡ್ಡವಳಾಗಿಬಿಡುತ್ತಾಳೆ, ಅವಳೊಬ್ಬಳಿದ್ದಾಳೆ ಎಂಬುದೇ ಲೋಕಕ್ಕೆ ಗೊತ್ತಾಗುವುದಿಲ್ಲ ಎಂದು ಹೆದರಿಕೆಯಾಗತೊಡಗಿತು.

ಆಗ ಬಂದವಳು ನಾಗವೇಣಿ. ಮೂರು ಚಕ್ರದ ಸ್ಕೂಟರನ್ನು ದಣಪೆಯಾಚೆ ನಿಲ್ಲಿಸಿ, ಊರುಗೋಲು ಹಿಡಿದು ನಿಂತಳು. ಅವಳ ಒಂದು ಕಾಲು ಪೋಲಿಯೊದಿಂದ ಸಣ್ಣಗಾಗಿತ್ತು.

"ಅಕ್ಕಾ, ನಿಮ್ಮ ಮನೆ ತಂತಿ ಮೇಲೆ ದಿನಾ ಸಣ್ಣ ಫ್ರಾಕ್ ಒಣಗ್ತದೆ. ನಾನು ಎಂತದೂ ಕೇಳೂಕೆ ಬಂದದ್ದಲ್ಲ. ಪಂಚಾಯ್ತಿಲಿ ನನ್ನ ಕೆಲ್ಸ ಎಂತದು ಹೇಳಿ ಹೋಗೂಕೆ ಬಂದೆ," ಎಂದಳು.

ಅಂಗವಿಕಲರಿಗೆ ಸಿಗಬೇಕಾದ್ದನ್ನು ಮನೆ ತನಕ ಮುಟ್ಟಿಸುವುದು ಅವಳ ಕೆಲಸ. ಅಷ್ಟು ಹೇಳಿ ಅವಳು ಸುಮ್ಮನೆ ನಿಂತಳು. ಆ ಸುಮ್ಮನಿರುವಿಕೆ ಎಷ್ಟು ಉದ್ದವಿತ್ತೆಂದರೆ ನನಗೇ ತಡೆಯಲಾಗಲಿಲ್ಲ. ದಣಪೆಯ ಗಳ ಸರಿಸಿ ಒಳಗೆ ಬನ್ನಿ ಎಂದೆ. ಊರಿನ ಅರ್ಧ ಮಂದಿಗೆ ಮೊದಲ ದಿನದಿಂದಲೇ ಎಲ್ಲ ಗೊತ್ತಿತ್ತೆಂದು ಅವಳಿಂದ ತಿಳಿಯಿತು. ನಾನಾಗಿ ಹೇಳುವ ಮೊದಲು ಕೇಳಿದರೆ ನನಗೆ ನೋವಾದೀತೆಂದು ಅವರು ಕಾಯುತ್ತಿದ್ದರಂತೆ. ಅವರು ಕೇಳಲೆಂದು ನಾನು ಕಾದೆ, ನಾನು ಹೇಳಲೆಂದು ಅವರು ಕಾದರು. ನಡುವೆ ನನ್ನ ಮಗಳ ಐದು ತಿಂಗಳು ಹೋಯಿತು.

ನಾಗವೇಣಿ ಚಾಪೆಯ ಪಕ್ಕ ಕೂತು ಪಾರ್ವತಿಯ ಹೆಸರು ಕೇಳಿದಳು. "ಪಾರ್ವತಿ ಅಂತ್ರಿ," ಎಂದೆ ನಾನು.

"ನಾನು ಕೂಸಿನ ಹತ್ರ ಕೇಳಿದ್ದು ಅಕ್ಕಾ," ಎಂದಳು ಮೆಲ್ಲಗೆ.

ಮಗಳ ಬಾಯಿ ತೆರೆಯಿತು, ತಿರುಚಿತು, ಮುಚ್ಚಿತು. ನಾನೇ ಹೇಳಿಬಿಡೋಣವೆನ್ನಿಸಿತು. ನಾಗವೇಣಿ ಕದಲಲಿಲ್ಲ. ಕೊನೆಗೆ "ಪಾ...ವ್ವ" ಎಂಬ ಸದ್ದು ಬಂತು. "ಆತು," ಎಂದು ಅವಳು ಫಾರಮ್ಮಿನಲ್ಲಿ ಹೆಸರು ಬರೆದುಕೊಂಡಳು.

ಆಮೇಲಿನದು ಓಡಾಟದ ಕಥೆ. ಅಂಗವಿಕಲರ ಯುಡಿಐಡಿ ಕಾರ್ಡಿಗಾಗಿ ಐದು ಸಲ ಅಲೆದೆ. ಒಮ್ಮೆ ಡಾಕ್ಟರಿಲ್ಲ, ಒಮ್ಮೆ ಆಧಾರ್‌ನಲ್ಲಿ ಹೆಸರು ತಪ್ಪು. ವಾರಕ್ಕೆರಡು ದಿನ ಹೊನ್ನಾವರಕ್ಕೆ ಬಸ್ಸಿನಲ್ಲಿ ಹೋಗಿ ಕಾಲಿನ ವ್ಯಾಯಾಮ ಮಾಡಿಸಬೇಕಿತ್ತು. ಅಲ್ಲಿ ಪಕ್ಕದ ಚಾಪೆಯಲ್ಲಿ ಭಟ್ಕಳದ ತಾಯಿಯೊಬ್ಬಳು ಮಗಳ ಮೊಣಕಾಲು ಮಡಿಸುತ್ತ ತನ್ನ ನವಾಯತಿ ಭಾಷೆಯಲ್ಲಿ ಎಣಿಸುತ್ತಿದ್ದಳು, ನಾನು ರೋಣದ ಕನ್ನಡದಲ್ಲಿ. ಇಬ್ಬರೂ ಹತ್ತಕ್ಕೆ ಮುಟ್ಟಿದಾಗ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದೆವು. ಊಟದಲ್ಲೂ ಒಂದು ಗೆಲುವು ಸಿಕ್ಕಿತು. ಇಲ್ಲಿನ ಕುಚಲಕ್ಕಿಯ ಗಂಜಿಯನ್ನು ನಾನು ಕಾಯಿಲೆಯವರ ಊಟವೆಂದು ಹಳಿದವಳು. ರೊಟ್ಟಿ ಅಗಿಯಲಾರದೆ ಕೆಮ್ಮುತ್ತಿದ್ದ ಮಗಳು ಅದನ್ನು ಸಲೀಸಾಗಿ ನುಂಗಿದಳು. ಈಗ ರೊಟ್ಟಿ ನನಗೆ, ಗಂಜಿ ಅವಳಿಗೆ.

ಶಾಲೆಗೆ ಹೋಗಿ ಅಕ್ಕೋರ ಮುಂದೆ ನನ್ನ ಸುಳ್ಳು ಒಪ್ಪಿಕೊಂಡ ದಿನ ನಾಚಿಕೆಯಿಂದ ಸಾಯುವಂತಾಗಿತ್ತು. ಅವರು ಪಟ್ಟಿ ತೆಗೆದು ತೋರಿಸಿದರು. ನಮ್ಮ ಮನೆಯ ಸಾಲಿನಲ್ಲಿ ಪೆನ್ಸಿಲ್ಲಿನಿಂದ 'ಒಂದು ಹೆಣ್ಣು ಮಗು' ಎಂದಿತ್ತು. ಆ ದಿನ ಕಿಟಕಿಯಲ್ಲಿ ಪಾರ್ವತಿಯನ್ನು ನೋಡಿದ್ದರಂತೆ. ನೀವಾಗಿ ಬಂದಾಗ ಪೆನ್ನಿನಲ್ಲಿ ಬರೆದರಾಯಿತೆಂದು ಬಿಟ್ಟಿದ್ದೆ ಎಂದರು. ಅವರ ಸಂಕೋಚಕ್ಕೆ ನನಗೆ ಅಳುವೂ ಬಂತು, ಕೋಪವೂ ಬಂತು. ಒಂದು ಮಾತು ಕೇಳಬಾರದಿತ್ತೇ?

ಕೂರುವುದೇ ದೊಡ್ಡ ತೊಡಕಾಯಿತು. ಅಂಗವಿಕಲರ ಶಿಬಿರದಲ್ಲಿ ಕೊಟ್ಟ ಗಾಲಿಕುರ್ಚಿ ದೊಡ್ಡವರ ಅಳತೆಯದು. ಮಗಳು ಅದರಲ್ಲಿ ಜಾರಿ ಜಾರಿ ಕೆಳಗಿಳಿಯುತ್ತಿದ್ದಳು. ನಾಗವೇಣಿ ನಮ್ಮನ್ನು ಹೊನ್ನಾವರದಲ್ಲಿ ದೋಣಿ ಮಾಡುವ ಒಬ್ಬ ಮುದುಕ ಆಚಾರಿಯ ಹತ್ತಿರ ಕರೆದೊಯ್ದಳು. ಆತ ಟೇಪು ಹಿಡಿಯಲಿಲ್ಲ. ಪಾರ್ವತಿಯನ್ನು ನನ್ನ ಮಡಿಲಲ್ಲಿ ಕೂರಿಸಿ, ಅವಳ ಮೈ ಯಾವ ಕಡೆ ವಾಲುತ್ತದೆಂದು ಬಹಳ ಹೊತ್ತು ನೋಡಿದ. ಹದಿನೈದು ದಿನದ ಮೇಲೆ ಬಂದ ಕುರ್ಚಿಯ ಬೆನ್ನು ದೋಣಿಯ ಪಕ್ಕೆಯ ಹಾಗೆ ಒಳಕ್ಕೆ ಬಾಗಿತ್ತು. ಅದರಲ್ಲಿ ಕೂತು ನನ್ನ ಮಗಳು ಜೀವನದಲ್ಲಿ ಮೊದಲ ಸಲ ಎರಡೂ ಕೈ ಬಿಟ್ಟು ಎದುರಿಗೆ ನೋಡಿದಳು.

ಮೊದಲ ದಿನ ಶಾಲೆಯ ಬಾಗಿಲಲ್ಲೇ ನಿಂತಿದ್ದೆ. ಅಕ್ಕೋರು ಹಾಜರಿ ಕರೆದರು. ಪಾರ್ವತಿಯ ಹೆಸರು ಬಂದಾಗ ತರಗತಿ ನಿಂತಿತು. ಅವಳ ಬಾಯಿ ತಿರುಚುತ್ತಿತ್ತು. ಒಂದು ಮಗುವೂ ಅವಳ ಪರವಾಗಿ ಕೂಗಲಿಲ್ಲ, ನಗಲಿಲ್ಲ, ಅಕ್ಕೋರು ಮುಂದಿನ ಹೆಸರಿಗೆ ಹೋಗಲಿಲ್ಲ. "ಹಾ...ಜಿ" ಎಂದಳು. ಅಕ್ಕೋರು ಗುರುತು ಹಾಕಿ ಮುಂದೆ ಹೋದರು. ನನ್ನನ್ನು ಅಷ್ಟು ನೋಯಿಸಿದ್ದ ಈ ಜನರ ಕಾಯುವ ಗುಣ ನನ್ನ ಮಗಳಿಗೆ ಮಾತು ಕೊಡುತ್ತಿತ್ತು.

ಬೇಸಿಗೆ ರಜೆಯಲ್ಲಿ ಊರಿಗೆ ಬಂದಾಗ ನೀವೆಲ್ಲ ಪಾರ್ವತಿಯನ್ನು ಹೇಗೆ ಎತ್ತಿಕೊಂಡಿರಿ! ಒಂದು ಮಡಿಲಿನಿಂದ ಇನ್ನೊಂದಕ್ಕೆ ಅವಳ ಸವಾರಿ. ದೃಷ್ಟಿ ತೆಗೆದಿರಿ, ಮುದ್ದಿಸಿದಿರಿ. ಕುಮಟಾದಲ್ಲಿ ಇಡೀ ವರ್ಷ ನಾಗವೇಣಿಯೊಬ್ಬಳನ್ನು ಬಿಟ್ಟರೆ ಯಾರೂ ಅವಳನ್ನು ಮೈಗೆ ಅಪ್ಪಿಕೊಂಡಿರಲಿಲ್ಲ. ನನಗೆ ಮನಸ್ಸು ತುಂಬಿ ಬಂತು. ಆದರೆ ನನ್ನ ಅಕ್ಕ ಅವಳಿಗೆ ಹೋಳಿಗೆ ಬೇಕೋ ಅನ್ನ ಬೇಕೋ ಎಂದು ಕೇಳಿದಳು, ಮಗಳು ಬಾಯಿ ತೆರೆಯುವಷ್ಟರಲ್ಲಿ ಐದು ಮಂದಿ ಉತ್ತರ ಕೊಟ್ಟರು. ಅವರಲ್ಲಿ ನಾನೂ ಒಬ್ಬಳು. ಪಾರ್ವತಿ ಬಾಯಿ ಮುಚ್ಚಿಕೊಂಡಳು. ಊರಲ್ಲಿದ್ದ ಹನ್ನೆರಡು ದಿನವೂ ಅವಳು ಮತ್ತೆ ಮಾತಾಡಲು ಹೋಗಲಿಲ್ಲ.

ಅದೇ ಹೊತ್ತಿಗೆ, ಊರಿಗೇ ಮರಳಲು ನಾವು ಕಾದಿದ್ದ ಅವಕಾಶ ಬಂತು. ರೋಣದ ಡಿಪೋದಲ್ಲಿ ಕುಮಟಾದ ಒಬ್ಬ ಚಾಲಕ ಇದ್ದಾನೆ, ಸುಬ್ರಾಯ ಅಂತ. ಪರಸ್ಪರ ವರ್ಗಾವಣೆಗೆ ಒಪ್ಪಿದ್ದ: ಅವನು ಇಲ್ಲಿಗೆ, ನಾವು ಅಲ್ಲಿಗೆ. ನಾನೇ ಯಜಮಾನರನ್ನು ಪೀಡಿಸಿ ಹುಡುಕಿಸಿದ ಮನುಷ್ಯ. ಫಾರಂ ಮೇಜಿನ ಮೇಲಿತ್ತು. ಯಜಮಾನರು ತೀರ್ಮಾನ ನಿನ್ನದು ಎಂದರು. ನಾನು ಕುಮಟಾಕ್ಕೆ ಮರಳಿದ ಮೇಲೆ ಮಗಳನ್ನು ಕುರ್ಚಿಯಲ್ಲಿ ಕೂರಿಸಿ ಕೇಳಿದೆ, "ಇಲ್ಲೇ ಇರೂಣೋ, ಊರಿಗೆ ಹೋಗೂಣೋ?" ಕೇಳಿ ಕಾದೆ. ನನ್ನ ಬಾಯಿಯ ತುದಿಯಲ್ಲಿ 'ಊರು' ಇತ್ತು. ಅವಳು ಹೇಳಿದ್ದು "ಸಾಲಿ". ನನಗೆ ಬೇಕಿದ್ದ ಉತ್ತರ ಇಲ್ಲಿನ ಶಾಲೆಯಾಗಿರಲಿಲ್ಲ. ಒಲೆಯ ಮುಂದೆ ಹೋಗಿ ಮನಸಾರೆ ಅತ್ತೆ.

ಯಜಮಾನರು ಸುಬ್ರಾಯನಿಗೆ ಫೋನ್ ಮಾಡಿ, ಆಗುವುದಿಲ್ಲ, ತಪ್ಪು ತಿಳೀಬೇಡ ಎಂದರು. ಅವನು ಆತು ಎಂದನಂತೆ, ಕಾರಣ ಕೇಳಲಿಲ್ಲವಂತೆ. ಅವನೂ ಮನೆಗೆ ಬರಲೆಂದು ವರ್ಷಗಟ್ಟಲೆ ಕಾದವನು. ಕೇಳುವುದಿಲ್ಲ ಎಂದರೆ ಇವರಿಗೆ ನೋವಿಲ್ಲವೆಂದಲ್ಲ, ಅಷ್ಟು ಕಲಿತಿದ್ದೆ. ಫೋನು ಇಸಿದುಕೊಂಡು ನಾನೇ ಎಲ್ಲ ಹೇಳಿದೆ: ಮಗಳು, ಸುಳ್ಳು, ಕುರ್ಚಿ, ಹಾಜರಿ.

"ಹೇಳಿದ್ದು ಒಳ್ಳೇದಾತು ಅಕ್ಕಾ," ಎಂದ. "ಕೂಸು ಶಾಲೆಗೆ ಹೋಗ್ಲಿ. ನಾನು ಬೇರೆ ಯಾರನ್ನಾದ್ರೂ ಹುಡುಕ್ತೆ."

ಅವನ ಹಿಂದೆ ನಮ್ಮ ರೋಣದ ನಿಲ್ದಾಣ ಗದ್ದಲ ಮಾಡುತ್ತಿತ್ತು. ಗಜೇಂದ್ರಗಡ, ನರಗುಂದ, ಬಾದಾಮಿ ಎಂದು ಕಂಡಕ್ಟರು ಕೂಗುತ್ತಿದ್ದ. ಯಾರೋ ಹೆಂಗಸು ಇನ್ಯಾರನ್ನೋ, ಯಾಕ ಯವ್ವಾ, ಸಣ್ಣಾಕಿ ಎಲ್ಲಿ ಎಂದು ಗಟ್ಟಿಯಾಗಿ ಕೇಳುತ್ತಿದ್ದಳು.

"ಫೋನ್ ಇಡ್ಲಾ ಅಕ್ಕಾ?" ಎಂದ ಸುಬ್ರಾಯ.

"ಒಂದೀಟು ಹೊತ್ತು ಇಡಬ್ಯಾಡ್ರಿ," ಎಂದು ಆ ಗದ್ದಲಕ್ಕೆ ಕಿವಿಗೊಟ್ಟೆ.

ಯಾಕೆ ಎಂದು ಅವನು ಕೇಳಲಿಲ್ಲ. ಫೋನ್ ಹಾಗೇ ಹಿಡಿದುಕೊಂಡು ನಿಂತ.