ಅಸ್ಸಾಮಿಗೆ ಸಮಯದ ಅಭಾವ

ಮೊನ್ನೆ ಬಬಲೇಶ್ವರದ ಕಾಲೇಜೊಂದರಲ್ಲಿ ಅಸ್ಸಾಮಿ ಭಾಷೆಯ ಬಗ್ಗೆ ಗಂಟಲು ಬೀಳುವಷ್ಟು ಭಾಷಣ ಮಾಡಿದೆ. ಅಸ್ಸಾಮಿ ನನಗೆ ಬರುವುದಿಲ್ಲ. ಬರುವವಳು ಮುಂದಿನ ಸಾಲಿನಲ್ಲೇ ಕೂತಿದ್ದಳು. ಆಕೆಗೆ ಮಾತಾಡಲು ಟೈಮ್ ಸಿಗಲಿಲ್ಲ.

ನಗಬೇಡಿ. ಹೇಗಾಯಿತು ಅಂತ ಹೇಳುತ್ತೇನೆ.

ಆ ಕಾಲೇಜಿನ ಪ್ರಾಚಾರ್ಯ ನನ್ನ ಕ್ಲಾಸ್‌ಮೇಟ್. ಭಾಷೆಗಳ ಕುರಿತು ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದ. "ಕನ್ನಡದ ಬಗ್ಗೆ ಎಲ್ಲಾರೂ ಹೇಳ್ತಾರಪಾ, ನೀ ಏನರೆ ಬ್ಯಾರೆ ಹೇಳು" ಅಂದ. ನಾನು ಅಸ್ಸಾಮಿ ಮತ್ತು ಫಿನ್ನಿಶ್ ಆರಿಸಿಕೊಂಡೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಅಂತ ಪ್ಲಾನು. ಫಿನ್ನಿಶ್ ಯಾಕೆ? (ತಪ್ಪು ಹೇಳಿದರೆ ಹಿಡಿಯುವವರು ಬಬಲೇಶ್ವರದಲ್ಲಿ ಇರಲಿಕ್ಕಿಲ್ಲ ಎಂಬ ಧೈರ್ಯ.) ಅಸ್ಸಾಮಿ ಯಾಕೆಂದರೆ, ತಿಕೋಟಾದಲ್ಲಿರುವ ನನ್ನ ಚಿಗವ್ವನ (ಚಿಕ್ಕಮ್ಮನ) ಸೊಸೆ ರೂಪಾಲಿ ಅಸ್ಸಾಮಿನವಳು. ವಿಜಯಪುರದ ಒಂದು ಆಸ್ಪತ್ರೆಯಲ್ಲಿ ನರ್ಸ್. ಚಿಗವ್ವನ ಮಗ ಅದೇ ಆಸ್ಪತ್ರೆಯ ಲ್ಯಾಬಿನಲ್ಲಿದ್ದಾನೆ. ಮುಂದಿನದನ್ನು ನೀವೇ ಊಹಿಸಿಕೊಳ್ಳಿ.

ಮದುವೆಗೆ ಚಿಗವ್ವ ತಕರಾರು ಮಾಡಲಿಲ್ಲ. ಆಕೆಯ ತಕರಾರು ಫೋನಿನದು. ರೂಪಾಲಿ ತನ್ನ ತಾಯಿಯ ಜೊತೆ ಅಸ್ಸಾಮಿಯಲ್ಲಿ ಮಾತಾಡತೊಡಗಿದರೆ ಚಿಗವ್ವನ ಮುಖ ಬಿಗಿಯುತ್ತದೆ. "ನನ್ನ ಬೈತಾಳೋ ಹೊಗಳ್ತಾಳೋ ಯಾಂವಗ ಗೊತ್ತು" ಅನ್ನುತ್ತಾಳೆ. ಅರ್ಧ ಚೇಷ್ಟೆ, ಅರ್ಧ ನಿಜ. ಹೀಗಾಗಿ ರೂಪಾಲಿ ಈಗ ಮಾಳಿಗೆ ಹತ್ತಿ, ದನಿ ತಗ್ಗಿಸಿ ಮಾತಾಡುತ್ತಾಳೆ. ತನ್ನ ತಾಯಿಯ ಜೊತೆ, ತನ್ನದೇ ಮನೆಯಲ್ಲಿ.

ಕಾರ್ಯಕ್ರಮದಲ್ಲಿ ಸ್ವಲ್ಪ ಅಸ್ಸಾಮಿ ಮಾತಾಡುತ್ತೀಯಾ ಎಂದು ಕೇಳಿದಾಗ ಆಕೆ ಒಂದೇ ಮಾತು ಹೇಳಿದಳು. "ಅತ್ತಿಯವ್ರನ್ನೂ ಕರೀರಿ ಭಾವಾರ. ನಮ್ಮ ಭಾಷಾ ಅವ್ರು ಒಮ್ಮೆ ಪೂರ್ತಿ ಕೇಳ್ಲಿ. ನಾನs ಅಲ್ಲೇ ಕನ್ನಡದಾಗ ಅರ್ಥಾ ಹೇಳ್ತೀನಿ." (ಆಕೆ ಕನ್ನಡ ಕಲಿತದ್ದು ಚಿಗವ್ವನ ಬಾಯಿಂದ. ಹಾಗಾಗಿ ಅದು ಪಕ್ಕಾ ತಿಕೋಟಾ ಕನ್ನಡ.)

ಚಿಗವ್ವ ಇಳಕಲ್ ಸೀರೆ ಉಟ್ಟು ಬಂದಳು. "ಸಾಲಿ ಮೆಟ್ಟಲಾ ಹತ್ತದಾಕಿ, ಸೊಸಿ ಸಲುವಾಗಿ ಕಾಲೇಜಿಗೇ ಬಂದೆ ನೋಡಪಾ" ಅಂದಳು. ಖುಷಿಯಾಗಿದ್ದಳು.

ಕಾರ್ಯಕ್ರಮ ತಡವಾಗಿ ಶುರುವಾಯಿತು. ಅದು ಇದ್ದದ್ದೇ. ಆಮೇಲೆ ಸನ್ಮಾನ. ನಮ್ಮ ಕಡೆ ಸನ್ಮಾನ ಹೇಗೆ ನಡೆಯುತ್ತದೆ ಎಂದು ನಿಮಗೆ ಹೇಳಬೇಕೆ? ವೇದಿಕೆ ಮೇಲಿದ್ದವರಿಗೆ, ಮೈಕ್ ಕೊಟ್ಟವರಿಗೆ, ಊಟದ ಖರ್ಚು ಹೊತ್ತವರಿಗೆ, ಬರಬೇಕಾದವರ ಪರವಾಗಿ ಬಂದವರಿಗೆ. ಪ್ರತಿಯೊಬ್ಬರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೊ. ಫೋಟೊದಲ್ಲಿ ಒಬ್ಬರು ಕಣ್ಣು ಮುಚ್ಚಿದರೆ ಮತ್ತೊಂದು ಫೋಟೊ.

ನಾನು ಸನ್ಮಾನವನ್ನು ಹೀಗಳೆಯುವವನಲ್ಲ. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಅರಕೇರಿಯಲ್ಲಿ ಕುರಿ ಕಾಯ್ದ ನಮ್ಮಪ್ಪನ ಹೆಗಲ ಮೇಲೆ ಕಂಬಳಿ ಇತ್ತು, ಶಾಲು ಯಾರೂ ಹೊದಿಸಲಿಲ್ಲ. ನನಗೆ ಮೊದಲ ಶಾಲು ಬಂದಾಗ ಅವ್ವ ಅದನ್ನು ಟ್ರಂಕಿನಲ್ಲಿಟ್ಟು, ಮನೆಗೆ ಬಂದವರಿಗೆಲ್ಲ ತೆಗೆದು ತೋರಿಸಿದಳು. ಶಾಲು ಏನು ಅಂತ ನನಗೆ ಗೊತ್ತಿದೆ. ಅದಕ್ಕೇ ಅವತ್ತೂ ತಲೆ ಬಗ್ಗಿಸಿ ಹೊದಿಸಿಕೊಂಡೆ.

ನನ್ನ ಸರದಿ ಬಂದಾಗ ಊಟದ ವಾಸನೆ ಬರತೊಡಗಿತ್ತು. ನಾನು ಶುರು ಮಾಡಿದೆ. ಫಿನ್ನಿಶ್‌ನಲ್ಲಿ ಅವನು, ಅವಳು ಎರಡಕ್ಕೂ ಒಂದೇ ಪದ ಅಂದೆ. ಹುಡುಗಿಯರು ಚಪ್ಪಾಳೆ ತಟ್ಟಿದರು. 'ಮನೆಯಲ್ಲಿ' ಅನ್ನಲು ಫಿನ್ನಿಶ್‌ನಲ್ಲಿ 'ತಾಲೊಸ್ಸ', ಅಸ್ಸಾಮಿಯಲ್ಲಿ 'ಘೊರೊತ್'. ಕನ್ನಡದ ಹಾಗೆಯೇ ಎರಡೂ ಪದಕ್ಕೆ ಬಾಲ ಹಚ್ಚುತ್ತವೆ. ಸೊಲ್ಲಾಪುರದ ಕಡೆಯವರು 'ಘರಾತ್' ಅನ್ನುವುದಿಲ್ಲವೇ? ಅಷ್ಟು ದೂರದ ಅಸ್ಸಾಮಿ ಇಲ್ಲೇ ಪಕ್ಕದಲ್ಲಿದೆ ನೋಡಿ ಅಂದೆ. ಚಿಗವ್ವ ತಲೆ ಆಡಿಸಿದಳು. ಸಂತೆಯಲ್ಲಿ ಮರಾಠಿ ಕೇಳಿ ಬಲ್ಲವಳು.

ಫಿನ್‌ಲ್ಯಾಂಡಿನವರು ಈಗೀಗ ಬಹುತೇಕ ಎಲ್ಲರಿಗೂ 'ನೀನು' ಅನ್ನುತ್ತಾರೆ, ಅಸ್ಸಾಮಿಯಲ್ಲಿ ಅದಕ್ಕೆ ಮರ್ಯಾದೆಯ ಮೂರು ಹಂತ ಎಂದೆ. ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: "ಸರ್, ಅತ್ತಿಯವ್ರಿಗೆ ಯಾವ್ದು ಅಂತಾರ್ರಿ?"

ನನಗೆ ಗೊತ್ತಿರಲಿಲ್ಲ. "ಅದನ್ನ ರೂಪಾಲಿಯವರೇ ಹೇಳ್ತಾರೆ" ಅಂದೆ. ಚಿಗವ್ವ ನೆಟ್ಟಗೆ ಕೂತಳು.

ಅಲ್ಲೇ ಮೈಕನ್ನು ರೂಪಾಲಿಯ ಕೈಗೆ ಕೊಟ್ಟು ಇಳಿದುಬಿಡಬೇಕಿತ್ತು. ಇಳಿಯಲಿಲ್ಲ. ತಯಾರಿ ಮಾಡಿಕೊಂಡು ಬಂದಿದ್ದೆನಲ್ಲ, ಇನ್ನೂ ಉಳಿದಿತ್ತು. ಫೋನಿನಲ್ಲಿದ್ದ ಫಿನ್ನಿಶ್ ರೆಕಾರ್ಡಿಂಗನ್ನು ಮೈಕಿಗೆ ಹಿಡಿದೆ. ಯಾರೋ ಒಬ್ಬ ಹೆಣ್ಣುಮಗಳು ಹವಾಮಾನದ ಬಗ್ಗೆಯೋ ಏನೋ ಹೇಳಿದಳು. ಸಭೆ ಗಪ್‌ಚಿಪ್ ಕೇಳಿತು.

ನಾನು ಕೂತೆ. ನಿರೂಪಕರು ಎದ್ದರು. "ಸಮಯದ ಅಭಾವ ಇರೋದರಿಂದ ನೇರವಾಗಿ ವಂದನಾರ್ಪಣೆ" ಅಂದರು. ನಾನು ಅರ್ಧ ಎದ್ದು ಪ್ರಾಚಾರ್ಯನ ಕಡೆ ನೋಡಿದೆ. ಆತ ಕೈಯಲ್ಲೇ ಸಮಾಧಾನ ಮಾಡಿದ. "ಅಕ್ಕಾರಿಗೆ ಶಾಲು ಐತಿ, ಚಿಂತಿ ಬ್ಯಾಡ." ರೂಪಾಲಿಯನ್ನು ಮೇಲೆ ಕರೆದರು. ಶಾಲು ಹೊದಿಸಿದರು. ಬುಟ್ಟಿ ಕೊಟ್ಟರು. ಫೋಟೊ ತೆಗೆದರು. ಆಕೆ ಮೈಕಿನ ಕಡೆ ನೋಡುವಷ್ಟರಲ್ಲಿ ಹುಡುಗರು ಊಟಕ್ಕೆ ಎದ್ದಿದ್ದರು.

ಆಟೊದಲ್ಲಿ ಬರುವಾಗ ಚಿಗವ್ವನೇ ಮಾತು ತೆಗೆದಳು.

"ಏನೋ, ನನ್ನ ಸೊಸಿ ಮಾತಾಡ್ತಾಳ ಅಂದಿದ್ದಿ. ನಿನ್ನ ಫೋನಿನ್ಯಾಗಿನ ಹೆಣ್ಣಮಗಳs ಮಾತಾಡಿದ್ಲು."

"ಟೈಮ್ ಆಗ್ಲಿಲ್ಲ ಚಿಗವ್ವ."

"ಹಾರ ಹಾಕಾಕ ಟೈಮ್ ಇತ್ತಲ್ಲೋ ಯಪ್ಪಾ." ಸೊಸೆಯ ಶಾಲು ಮುಟ್ಟಿ ನೋಡಿದಳು. "ಇರ್ಲಿ ಬಿಡು. ಬೆಚ್ಚಗ ಐತಿ."

ರೂಪಾಲಿ ನಕ್ಕಳು. ಆ ನಗು ನೋಡಲು ನನಗಾಗಲಿಲ್ಲ.

ಕಳೆದ ಭಾನುವಾರ ತಿಕೋಟಾಕ್ಕೆ ಹೋಗಿದ್ದೆ. ಚಿಗವ್ವ ಸೀರಿಯಲ್ ಮುಂದೆ ಕೂತಿದ್ದಳು. ನಾನು ಅಡುಗೆಮನೆಗೆ ಹೋಗಿ ರೂಪಾಲಿಗೆ ಹೇಳಿದೆ: "ಈಗ ಹೇಳವಾ. ನಾನೂ ಕೇಳ್ತೀನಿ, ಚಿಗವ್ವನೂ ಕೇಳ್ಲಿ. ಟಿ.ವಿ. ಬಂದ್ ಮಾಡ್ತೀನಿ."

ಆಕೆ ಚಹಾ ಸೋಸುತ್ತಲೇ ಇದ್ದಳು. "ಬ್ಯಾಡ್ರಿ ಭಾವಾರ. ಅವತ್ತ ಅವ್ರು ತಾವಾಗೇ ಕೇಳಾಕ ಬಂದಿದ್ರು. ಇವತ್ತ ನಾವು ಹಿಡಿದು ಕುಂಡ್ರಸ್ಬೇಕು."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು, ಕ್ಷಮೆ ಕೇಳಬಹುದಿತ್ತು.

ಕಾರ್ಯಕ್ರಮವೇನು, ಇನ್ನೊಂದು ಇಟ್ಟರಾಯಿತು. ಆದರೆ ಕೇಳಬೇಕೆಂದು ಮನಸ್ಸು ಮಾಡಿ ಬಂದವರನ್ನು ಹಾಗೇ ಕಳಿಸಿದ ಮೇಲೆ, ಆ ಮನಸ್ಸನ್ನು ಮತ್ತೆ ಎಲ್ಲಿಂದ ಕರೆತರುವುದು?