ಇದ್ದಿಲು ಬಸ್ಸಿನ ಕ್ಯಾಲ್ಕುಲಸ್

ಯುದ್ಧದ ಕಾಲ. ಪೆಟ್ರೋಲಿಗೆ ಬರ ಬಂದು ಬಸ್ಸುಗಳೆಲ್ಲ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಬೆನ್ನಿಗೆ ಒಂದು ಡ್ರಮ್ಮು ಕಟ್ಟಿಕೊಂಡು, ಕೆಮ್ಮುತ್ತ ಕೆಮ್ಮುತ್ತ. ಅಂಥ ಬಸ್ಸುಗಳನ್ನು ರಿಪೇರಿ ಮಾಡುತ್ತಿದ್ದ ಮಳವಳ್ಳಿಯ ಮೆಕ್ಯಾನಿಕ್ಕಿನ ಮಗ ನಾನು. ಮಗ ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಾನೆಂದು ಅಬ್ಬಾ ಊರೆಲ್ಲ ಹೇಳಿಕೊಂಡು ಬಂದಿದ್ದರು.

ಓದು ಎಂದರೆ ನನಗೆ ಬಾಯಿಪಾಠ. ಮಗ್ಗಿ ಹೇಳಿದ ರಾಗದಲ್ಲೇ ಕ್ಯಾಲ್ಕುಲಸ್ಸಿನ ಸೂತ್ರಗಳನ್ನೂ ಉರು ಹೊಡೆದಿದ್ದೆ. ಯಾವುದನ್ನು ಕೇಳಿದರೂ ಪಟಪಟ ಒಪ್ಪಿಸುತ್ತಿದ್ದೆ, ಅರ್ಥ ಮಾತ್ರ ಕೇಳಬಾರದು. ನಮ್ಮ ಗಣಿತದ ಮೇಷ್ಟ್ರು ಅದನ್ನೇ ಕೇಳುವವರು.

ಅವರದು ಮಳವಳ್ಳಿಯಿಂದಾಚೆಯ ಬೆಳಕವಾಡಿ. ಶನಿವಾರ ಊರಿಗೆ ಹೊರಟರೆ ಇಬ್ಬರದೂ ಒಂದೇ ದಾರಿ: ಮದ್ದೂರಿನವರೆಗೆ ರೈಲು, ಅಲ್ಲಿಂದ ಇದ್ದಿಲು ಬಸ್ಸು. ಕ್ಲಾಸಿನಲ್ಲಿ ಟೈ ಕಟ್ಟಿ ಇಂಗ್ಲಿಷಿನಲ್ಲಿ ಪಾಠ ಮಾಡುವ ಮನುಷ್ಯ, ಮದ್ದೂರಲ್ಲಿ ಇಳಿದರೆ ಸಾಕು, ಟೈ ಜೇಬಿಗೆ, ಇಂಗ್ಲಿಷು ಗಾಳಿಗೆ.

ದಾರಿಯಲ್ಲೊಂದು ದಿಣ್ಣೆ. ಅಲ್ಲಿ ಬಸ್ಸಿನ ಉಸಿರು ಕಟ್ಟುತ್ತಿತ್ತು. ಗಂಡಸರೆಲ್ಲ ಇಳಿದು ತಳ್ಳುವುದು, ಹೆಂಗಸರು ಕೂತಲ್ಲೇ ಕೂರುವುದು, ಅದು ವಾಡಿಕೆ. ಒಂದು ಸಲ ಹಾಗೆ ತಳ್ಳಿ ದಿಣ್ಣೆ ದಾಟಿಸಿ, ಆಚೆ ಇಳಿಜಾರಿನ ಕೆಳಗೆ ಡ್ರಮ್ಮಿಗೆ ಇದ್ದಿಲು ತುಂಬುವಾಗ ಮೇಷ್ಟ್ರು ನನ್ನ ಕೈಗೊಂದು ಕಡ್ಡಿ ಕೊಟ್ಟರು.

"ಬಸ್ಸು ದಿಣ್ಣೆ ಅತ್ತಿ ಇಳೀತಲ್ಲ, ಅದರ ವೇಗ ಎಂಗೆಂಗಾಯ್ತು? ಗೆರೆ ಎಳಿ ನೋಡವ. ಅಂಕಿ ಬ್ಯಾಡ, ಸೂತ್ರ ಬ್ಯಾಡ."

ಇಷ್ಟೇ ತಾನೇ ಎಂದು ಧೂಳಿನಲ್ಲಿ ಗೆರೆ ಎಳೆದೆ. ಏರಿತು, ನೆತ್ತಿ ಮುಟ್ಟಿತು, ಇಳಿಯಿತು.

"ಇದು ದಿಣ್ಣೆ ಕಣಯ್ಯ. ನಾನ್ ಕೇಳಿದ್ದು ವೇಗ. ನಿನ್ ಗೆರೆ ನೋಡುದ್ರೆ ನೆತ್ತಿ ಮೇಲೇ ಬಸ್ಸು ಎಲ್ಲಕ್ಕಿಂತ ಜೋರಾಗಿ ಓಡ್ತು. ಮತ್ತೆ ನಾವು ತಳ್ಳಿದ್ದು ಯಾಕ್ಲಾ?"

ಪಕ್ಕದಲ್ಲಿದ್ದವರು ಗೊಳ್ಳೆಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಸರಿಯಾದ ಗೆರೆಯನ್ನು ಈ ಮಹಾನುಭಾವ ತಾನೇ ಎಳೆದು ತೋರಿಸಬಾರದೇ? ಇಲ್ಲ. ಮಳವಳ್ಳಿ ಬರುವ ತನಕ ಕಿಟಕಿಯಾಚೆ ಗದ್ದೆ ನೋಡುತ್ತ ಕೂತರು. ಕೊನೆಗೆ ನಾನೇ ಕಂಡುಕೊಂಡೆ: ಗೆರೆ ಮೊದಲು ಕುಸಿಯಬೇಕು, ಆಮೇಲೆ ಏರಬೇಕು. ಹೇಳಿದರೆ, "ಹೌದಾ? ಯಾಕೆ?" ಎಂದರು. ಸರಿ ಎನ್ನಲಿಲ್ಲ. ಎರಡು ವರ್ಷ ನಾನು ಏನು ಹೇಳಿದರೂ ಒಂದು ಸಲವೂ ಸರಿ ಎನ್ನಲಿಲ್ಲ. ಆ ಒಂದು ಮಾತಿಗಾಗಿ ಎಷ್ಟು ಹಂಬಲಿಸಿದೆನೆಂದರೆ, ಕೊನೆಕೊನೆಗೆ ಅವರು ಕೇಳುವ ಮೊದಲೇ "ಯಾಕೆ?" ಎಂದು ನನ್ನೊಳಗೆ ನಾನೇ ಕೇಳಿಕೊಳ್ಳತೊಡಗಿದ್ದೆ.

ಪರೀಕ್ಷೆ ಮುಗಿಸಿ ಕೊನೆಯ ಸಲ ಜೊತೆಯಲ್ಲಿ ಊರಿಗೆ ಬಂದಾಗ ಮೇಷ್ಟ್ರು ಮಳವಳ್ಳಿಯಲ್ಲಿ ಬಸ್ಸಿಳಿದು ಅಲ್ಲೇ ನಿಂತರು.

"ಒಂದು ಹೊಂಡ. ತಳದಲ್ಲಿ ತೂತು. ನೀರು ಕಮ್ಮಿಯಾದಂಗೆಲ್ಲ ಸೋರೋ ಜೋರೂ ಕಮ್ಮಿಯಾಯ್ತದೆ. ಆದ್ರೂ ಮಟ್ಟ ಮಾತ್ರ ಒಂದೇ ಸಮ ಇಳೀಬೇಕು. ಹೊಂಡ ಯಾವ ಆಕಾರದಲ್ಲಿರಬೇಕು?"

ಎಂದಿನಂತೆ ಪರೀಕ್ಷಿಸುತ್ತಿದ್ದಾರೆ ಎಂದುಕೊಂಡು ಅವರ ಮುಖ ನೋಡಿದೆ. ಅವರು ನಾಚಿದವರಂತೆ ನಕ್ಕರು.

"ನಂಗೂ ಗೊತ್ತಿಲ್ಲ ಕಣಯ್ಯ. ನಿನಗೆ ಹೊಳುದ್ರೆ ಬಂದು ಹೇಳು."

ಅಂದು ಮನೆಗೆ ನಡೆದು ಹೋದೆನೋ ಹಾರಿ ಹೋದೆನೋ ನೆನಪಿಲ್ಲ. ಮಂಡ್ಯದಲ್ಲಿ ಸ್ಕೂಲು ಮೇಷ್ಟ್ರಾದೆ. ಹೊಂಡ ತಲೆ ಬಿಟ್ಟು ಹೋಗಲಿಲ್ಲ. ಬಾಯಿ ಅಗಲ, ತಳ ಕಿರಿದು ಎಂದು ಯಾರಾದರೂ ಹೇಳಿಯಾರು. ಆಲಿಕೆಯಂತೆ ನೇರ ಇಳಿಜಾರಾದರೆ ಲೆಕ್ಕ ಕೂಡಲಿಲ್ಲ. ಕೊನೆಗೊಂದು ಬೆಳಿಗ್ಗೆ, ಪಕ್ಕ ಹೇಗೆ ಬಾಗಬೇಕೆಂಬುದು ಸಿಕ್ಕಿಬಿಟ್ಟಿತು. ರಜೆ ಹಾಕಿ ಬೆಳಕವಾಡಿಗೆ ಓಡಿದೆ.

ಜಗಲಿಯಲ್ಲಿ ಅವರ ತಾಯಿ ಒಬ್ಬರೇ ಕೂತಿದ್ದರು. ಮೇಷ್ಟ್ರನ್ನು ನೋಡಬೇಕೆಂದೆ.

"ಹೋದ ಸೋಮ್ವಾರ ತೀರ್ಕಂಡ್ಬುಟ್ಟ ಕಣಪ್ಪ. ಜರ ಬಂದಿತ್ತು." ನನ್ನನ್ನೇ ದಿಟ್ಟಿಸಿದರು. "ಮಳವಳ್ಳಿಯವನಾ? ಜರದಲ್ಲೂ ಅದೆಂತದೋ ಹೊಂಡದ ಲೆಕ್ಕವೇ ಅವನ್ಗೆ. ಮಳವಳ್ಳಿ ಹುಡ್ಗ ಬಂದ್ನಾ, ಬಂದ್ನಾ ಅಂತ ಕೇಳೋನು."

ವಾಪಸು ಮಳವಳ್ಳಿಗೆ ಬಸ್ಸು ಹತ್ತಲು ಮನಸ್ಸಾಗಲಿಲ್ಲ. ನಡೆದೇ ಬಂದೆ. ದಾರಿಯುದ್ದಕ್ಕೂ ಅವರಿಗೆ ಉತ್ತರ ಹೇಳುತ್ತಲೇ ಇದ್ದೆ, ಮೊದಲಿನಿಂದ ಕಡೆಯವರೆಗೆ, ಗಟ್ಟಿಯಾಗಿ, ಎದುರು ಬಂದವರು ತಿರುತಿರುಗಿ ನೋಡುವ ಹಾಗೆ.